ಕಾಸು ಕ್ಯಾಶ್ ಆಗಲಿಲ್ಲ

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳಲ್ಲಿ ಆನೆಯ ಚಿತ್ರವಿರುವ ಒಂದು ಬಗೆ ಇದೆ. ಅದರ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ರೋಮನ್ ಲಿಪಿಯಲ್ಲಿ ‘ಕ್ಯಾಶ್’ ಎಂದೂ ಅಚ್ಚು ಹಾಕಿದ್ದಾರೆ. ಅಂಗೈಯಗಲವೂ ಇಲ್ಲದ ಬಿಲ್ಲೆಯ ಮೇಲೆ ಭಾಷೆ ಎರಡು, ಹೇಳುವ ಮಾತು ಒಂದೇ: ಇಪ್ಪತ್ತು ಕಾಸು. ಇದನ್ನು ಕಂಡವರು ಯಾರೇ ಆಗಲಿ, ಇಂಗ್ಲಿಷಿನವರು ನಮ್ಮ ಕಾಸನ್ನೇ ಎತ್ತಿಕೊಂಡು ಹೋಗಿ ಕ್ಯಾಶ್ ಮಾಡಿಕೊಂಡರು ಎಂದುಕೊಳ್ಳುವುದು ಸಹಜ. ತಾಮ್ರದಲ್ಲೇ ಮುದ್ರೆ ಬಿದ್ದಿರುವಾಗ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? ಆದರೂ ಆ ತೀರ್ಮಾನ ತಪ್ಪು. ನಾಣ್ಯದ ಮೇಲಿರುವ ಕ್ಯಾಶ್ ನಿಜಕ್ಕೂ ನಮ್ಮ ಕಡೆಯ ಕಾಸೇ. ತಮಿಳಿನ ಕಾಸು ಪೋರ್ಚುಗೀಸರ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷಿಗೆ ದಾಟಿ, ಮದರಾಸಿನ ಲೆಕ್ಕದಲ್ಲಿ ಎಂಬತ್ತು ಕ್ಯಾಶಿಗೆ ಒಂದು ಪಣ, ನಲವತ್ತೆರಡು ಪಣಕ್ಕೆ ಒಂದು ವರಹ ಎಂದು ಚಲಾವಣೆಗೆ ಬಂತು. ಚೀನಾದ ತೂತಿನ ನಾಣ್ಯಕ್ಕೂ ಇಂಗ್ಲಿಷರು ಅದೇ ಹೆಸರಿಟ್ಟರು. ಬ್ಯಾಂಕಿನ ಕೌಂಟರಿನ ಮೇಲೆ ಬರೆದಿರುವ ಕ್ಯಾಶ್ ಮಾತ್ರ ಬೇರೆಯೇ ಪದ. ಅದು ಪೆಟ್ಟಿಗೆ ಎಂಬರ್ಥದ ಫ್ರೆಂಚ್, ಇಟಾಲಿಯನ್ ಪದಗಳಿಂದ ಬಂದದ್ದು. ಅವುಗಳ ಹಿಂದೆ ಲ್ಯಾಟಿನಿನ ‘ಕ್ಯಾಪ್ಸ’ ಇದೆ. ಮೊದಲು ಹಣವಿಡುವ ಪೆಟ್ಟಿಗೆ ಕ್ಯಾಶ್ ಆಗಿತ್ತು, ಆಮೇಲೆ ಪೆಟ್ಟಿಗೆಯೊಳಗಿನ ಹಣ ಕ್ಯಾಶ್ ಆಯಿತು. ಗಲ್ಲಾ ಎನ್ನುವ ಮಾತು ನಮ್ಮ ಅಂಗಡಿಗಳಲ್ಲಿ ಒಮ್ಮೆ ಪೆಟ್ಟಿಗೆಯನ್ನೂ ಒಮ್ಮೆ ದಿನದ ದುಡ್ಡನ್ನೂ ಸೂಚಿಸುವುದಿಲ್ಲವೇ, ಹಾಗೆ.

ಎರಡು ಊರಿನ ಇಬ್ಬರು ಅಪರಿಚಿತರು ಒಂದೇ ಹೆಸರಿಟ್ಟುಕೊಂಡು ಒಂದೇ ಕಚೇರಿಗೆ ಕೆಲಸಕ್ಕೆ ಸೇರಿದಂತೆ ಆಗಿದೆ ಇದು. ಪದಮೂಲದ ಕತೆಗಳೆಂದರೆ ನಮಗೆ ಪ್ರೀತಿ. ವಾಟ್ಸ್‌ಆಪ್‌ನಲ್ಲಿ, ಕ್ವಿಜ್ ಪುಸ್ತಕಗಳಲ್ಲಿ, ಭಾಷಣಗಳ ಪೀಠಿಕೆಯಲ್ಲಿ ಅವು ಓಡಾಡುತ್ತಲೇ ಇರುತ್ತವೆ. ಅವುಗಳಲ್ಲಿ ಬಹುಪಾಲು ಸುಳ್ಳು. ಆದರೆ ಸುಳ್ಳು ಎಂದಷ್ಟೇ ಹೇಳಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಪದವೊಂದರ ಜಾತಕ ಹೇಳುವವರನ್ನು ಮೊದಲು ಅದರ ಹುಟ್ಟಿದ ತಾರೀಕು ಕೇಳಬೇಕು ಎಂಬುದು ನನ್ನ ವಾದ. ಯಾವ ವರ್ಷ, ಯಾವ ಬರಹದಲ್ಲಿ, ಯಾವ ಕಾಗುಣಿತದಲ್ಲಿ ಅದು ಮೊದಲು ಕಾಣಿಸಿಕೊಂಡಿತು? ಈ ಒಂದು ಪ್ರಶ್ನೆ ಕತೆಗಳನ್ನು ಕೊಲ್ಲುತ್ತದೆ ಎಂದು ಬೇಸರಪಡುವವರಿದ್ದಾರೆ. ನಿಜದಲ್ಲಿ ಅದು ಕೊಲ್ಲುವುದು ಸಪ್ಪೆ ಕತೆಗಳನ್ನು. ಅವುಗಳ ಜಾಗದಲ್ಲಿ ಸಿಗುವ ಸಂಗತಿಗಳನ್ನು ಯಾವ ಕತೆಗಾರನೂ ಕಲ್ಪಿಸಿರಲಾರ.

ಸುಲಭದವನ್ನು ಬೇಗ ಮುಗಿಸೋಣ. ‘ನ್ಯೂಸ್’ ಎಂದರೆ ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ದಿಕ್ಕುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಎಂದು ನಮ್ಮ ಎಷ್ಟೋ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಅದು ‘ಹೊಸದು’ ಎಂಬ ಪದದ ಬಹುವಚನ ಅಷ್ಟೆ, ಹೊಸವು. ಫ್ರೆಂಚರದೂ ಅದೇ ದಾರಿ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಈ ಪದಕ್ಕೆ ಐದು ಅಕ್ಷರಗಳ ಕಾಗುಣಿತವೂ ಇದೆ. ಐದನೆಯ ದಿಕ್ಕನ್ನು ಎಲ್ಲಿಂದ ತರುವುದು? ‘ಗಾಲ್ಫ್’ ಎಂದರೆ ಗಂಡಸರಿಗೆ ಮಾತ್ರ, ಹೆಂಗಸರಿಗೆ ನಿಷೇಧ ಎಂಬ ನಾಲ್ಕು ಪದಗಳ ಸಂಕ್ಷೇಪವಂತೆ. ಬಿಲ್ವಿದ್ಯೆಯ ಅಭ್ಯಾಸ ಕೆಡುತ್ತದೆಂದು ಸ್ಕಾಟ್ಲೆಂಡಿನ ಸಂಸತ್ತು ಈ ಆಟವನ್ನು ಹೆಸರಿಸಿಯೇ ನಿಷೇಧಿಸಿದ್ದು 1457ರಲ್ಲಿ, ಎಲ್ಲರಿಗೂ ಸೇರಿಸಿ. ಹೋಟೆಲಿನ ‘ಟಿಪ್’ ಬೇಗ ಸೇವೆ ಮಾಡಲಿ ಎಂಬ ಮಾತಿನ ಸಂಕ್ಷೇಪವಲ್ಲ. ಕೊಡು, ದಾಟಿಸು ಎಂಬರ್ಥದಲ್ಲಿ 17ನೇ ಶತಮಾನದ ಕಳ್ಳರ ಗುಪ್ತಭಾಷೆಯಲ್ಲಿದ್ದ ಪದ. ಪದಗಳ ಮೊದಲಕ್ಷರ ಹೆಕ್ಕಿ ಹೊಸ ಪದ ಕಟ್ಟುವುದು ಹೆಚ್ಚಾಗಿ 20ನೇ ಶತಮಾನದ ಚಾಳಿ, ರೇಡಾರ್, ಲೇಸರ್ ಎಂಬಂತೆ. ಅಂಥ ಪದಗಳನ್ನು ಕರೆಯುವ ‘ಅಕ್ರೊನಿಮ್’ ಎಂಬ ಹೆಸರೇ ಇಂಗ್ಲಿಷಿನಲ್ಲಿ ನೆಲೆಯೂರಿದ್ದು 1940ರ ದಶಕದಲ್ಲಿ. ಅದಕ್ಕಿಂತ ಹಳೆಯ ಪದಕ್ಕೆ ಯಾರಾದರೂ ಅಕ್ಷರ ಬಿಡಿಸಿ ಅರ್ಥ ಹೇಳಿದರೆ ಅನುಮಾನಿಸುವುದರಲ್ಲಿ ತಪ್ಪಿಲ್ಲ.

ಈ ಜಾತಿಯ ಕತೆಗಳಲ್ಲಿ ಅತ್ಯಂತ ಚೆಂದದ್ದು ‘ಪಾಶ್’ ಪದದ್ದು, ಅದರಲ್ಲಿ ಇಂಡಿಯಾವೂ ಬರುತ್ತದೆ. ಇಂಗ್ಲೆಂಡಿನಿಂದ ಮುಂಬಯಿಗೆ ಪಿ ಅಂಡ್ ಓ ಕಂಪನಿಯ ಹಡಗಿನಲ್ಲಿ ಬರುವಾಗ ಎಡಬದಿಯ ಕ್ಯಾಬಿನ್, ಹಿಂದಿರುಗುವಾಗ ಬಲಬದಿಯದು ನೆರಳಿನಲ್ಲಿರುತ್ತಿತ್ತು. ಹಣವಂತರು ಅದನ್ನೇ ಕಾಯ್ದಿರಿಸುತ್ತಿದ್ದರು. ‘ಹೋಗುವಾಗ ಎಡ, ಬರುವಾಗ ಬಲ’ ಎಂಬ ನಾವಿಕ ಮಾತಿನ ನಾಲ್ಕು ಮೊದಲಕ್ಷರಗಳನ್ನು ಅವರ ಟಿಕೆಟ್ಟಿನ ಮೇಲೆ ಒತ್ತುತ್ತಿದ್ದರು. ಹಾಗೆ ಪಾಶ್ ಎಂದರೆ ಶ್ರೀಮಂತಿಕೆಯ ಠೀವಿ ಎಂದಾಯಿತು. ಭೂಗೋಳ ಸರಿಹೊಂದುತ್ತದೆ, ಪೂರ್ವಕ್ಕೆ ಹೊರಟ ಹಡಗಿನ ಎಡಬದಿ ಉತ್ತರವೇ. ವರ್ಗಭೇದವೂ ಇದೆ, ಬಿಸಿಲೂ ಇದೆ, ಸಾಮ್ರಾಜ್ಯದ ದರ್ಬಾರೂ ಇದೆ. ಇಲ್ಲದಿರುವುದು ಟಿಕೆಟ್ ಒಂದೇ. ಅಂಥ ಮುದ್ರೆಯೊತ್ತಿದ ಒಂದು ಟಿಕೆಟ್ಟೂ ಈತನಕ ಸಿಕ್ಕಿಲ್ಲ, ಹಡಗು ಕಂಪನಿಯ ದಾಖಲೆಯಲ್ಲೂ ಅದರ ಸುಳಿವಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಪದ ಬಳಕೆಯಲ್ಲಿತ್ತು. ಅದರ ಹುಟ್ಟಿನ ಈ ಕತೆ ಮಾತ್ರ 1930ರ ದಶಕದಲ್ಲಿ ಪತ್ರಿಕೆಗೆ ಬರೆದ ಕಾಗದದ ಮೂಲಕ ಬೆಳಕಿಗೆ ಬಂತು. ಮಗು ದೊಡ್ಡದಾದ ಮೇಲೆ ಬರೆಸಿದ ಜಾತಕವಿದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರದ್ದಲ್ಲ. ಪದಗಳು ಹುಟ್ಟುವುದು ಬಾಯಲ್ಲಿ, ಪುಸ್ತಕದಲ್ಲಲ್ಲ. ಬರಹದಲ್ಲಿ ಸಿಗಲಿಲ್ಲ ಎಂದರೆ ಇರಲಿಲ್ಲ ಎಂದು ಹೇಗೆ ಹೇಳುತ್ತೀರಿ? ಶತಮಾನಗಳ ಕಾಲ ಜನರ ನಾಲಗೆಯ ಮೇಲಷ್ಟೇ ಬಾಳಿದ ಮಾತುಗಳು ಕನ್ನಡದಲ್ಲೇ ಎಷ್ಟಿಲ್ಲ? ಒಪ್ಪಿದೆ. ಮೊದಲ ದಾಖಲೆಯ ವರ್ಷ ಹುಟ್ಟಿದ ವರ್ಷವಲ್ಲ. ಆ ವರ್ಷಕ್ಕಿಂತ ಚಿಕ್ಕದಲ್ಲ ಎಂದಷ್ಟೇ ಅದು ಹೇಳುತ್ತದೆ. ಹೊಸ ಪುರಾವೆ ಸಿಕ್ಕರೆ ಅದು ಹಿಂದಕ್ಕೆ ಸರಿಯುತ್ತದೆ. ಆದರೆ ಕಾಡಿನ ಮೌನ ಬೇರೆ, ಸಂತೆಯ ಮೌನ ಬೇರೆ. ಯಾರೂ ಬರೆಯದ ಕಾಲದ, ಯಾರೂ ಬರೆಯದ ಜನರ ಮಾತು ದಾಖಲೆಯಲ್ಲಿ ಇಲ್ಲದಿದ್ದರೆ ಅದರಿಂದ ಏನೂ ಸಾಬೀತಾಗದು. ಇಂಡಿಯಾಕ್ಕೆ ಹಡಗಿನಲ್ಲಿ ಓಡಾಡಿದ ಇಂಗ್ಲಿಷರಾದರೋ ಬರೆಯುವ ಚಟದವರು. ದಿನಚರಿ, ಮನೆಗೆ ಕಾಗದ, ಪ್ರವಾಸಕಥನ, ಖರ್ಚುವೆಚ್ಚದ ಪಟ್ಟಿ, ಸೆಕೆಯ ಬಗ್ಗೆ ಪುಟಗಟ್ಟಲೆ ಗೊಣಗಾಟ, ಯಾವುದನ್ನೂ ಬಿಟ್ಟವರಲ್ಲ. ಇಂಡಿಯಾದಿಂದ ಇಂಗ್ಲಿಷಿಗೆ ಹೋದ ಮಾತುಗಳನ್ನು ಹೆಕ್ಕಿ ಯೂಲ್ ಮತ್ತು ಬರ್ನೆಲ್ ‘ಹಾಬ್ಸನ್-ಜಾಬ್ಸನ್’ ಎಂಬ ದಪ್ಪ ಕೋಶವನ್ನೇ 1886ರಲ್ಲಿ ಹೊರತಂದರು. ಇಷ್ಟು ಗದ್ದಲದ ಸಂತೆಯಲ್ಲಿ ಅಂಥದೊಂದು ಟಿಕೆಟ್ಟಿನ ಬಗ್ಗೆ ಮಾತ್ರ ಯಾರೂ ತುಟಿಬಿಚ್ಚಲಿಲ್ಲ ಎಂದರೆ ಆ ಮೌನವನ್ನು ಸಾಕ್ಷಿಯೆಂದೇ ಎಣಿಸಬೇಕಾಗುತ್ತದೆ.

ಈ ಬಗೆಯ ಲೆಕ್ಕಾಚಾರಕ್ಕೆ ನೆಲೆ ಒದಗಿಸಿದ್ದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. ಅದರ ಸಂಪಾದಕ ಜೇಮ್ಸ್ ಮರ್ರೆ ತನ್ನ ಮನೆಯ ಹಿತ್ತಲಿನ ಕಬ್ಬಿಣದ ಶೆಡ್ಡಿನಲ್ಲಿ ಗೂಡುಗೂಡಾದ ಕಪಾಟುಗಳನ್ನು ಹೊಡೆಸಿ, ಸಾರ್ವಜನಿಕರಿಂದ ಚೀಟಿ ತರಿಸಿಕೊಂಡ. ಚೀಟಿಯೊಂದರಲ್ಲಿ ಪದ, ಅದು ಸಿಕ್ಕ ಪುಸ್ತಕ, ವರ್ಷ, ಪದವಿರುವ ಪೂರ್ತಿ ವಾಕ್ಯ, ಇಷ್ಟೇ. ಮೊದಲ ಕಂತು 1884ರಲ್ಲಿ, ಕೊನೆಯದು 1928ರಲ್ಲಿ ಬಂತು. ಅಷ್ಟರಲ್ಲಿ ಮರ್ರೆ ತೀರಿಹೋಗಿ 13 ವರ್ಷವಾಗಿತ್ತು, ಅಚ್ಚಾದ ಪ್ರಯೋಗಗಳ ಸಂಖ್ಯೆ 18 ಲಕ್ಷ ದಾಟಿತ್ತು. ನಮ್ಮಲ್ಲೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಬಿಡಿಸಿದರೆ ಅರ್ಥದ ಕೆಳಗೆ ಶಾಸನದ, ಕಾವ್ಯದ ಪ್ರಯೋಗಗಳು ಸಾಲಾಗಿ ಸಿಗುತ್ತವೆ. ಅರ್ಥ ಹೇಳುವುದಕ್ಕಿಂತ ಆಧಾರ ತೋರಿಸುವುದೇ ಅಲ್ಲಿ ಮುಖ್ಯ ಕೆಲಸ.

ಹಾಗಾದರೆ ‘ಓಕೆ’? ದಿನಕ್ಕೆ ನೂರು ಸಲ ನಾವು ಆಡುವ ಈ ಮಾತು ಅಕ್ಷರ ಹೆಕ್ಕಿ ಮಾಡಿದ್ದೇ ಅಲ್ಲವೇ, ಅದೂ 20ನೇ ಶತಮಾನಕ್ಕಿಂತ ಮೊದಲೇ? ಹೌದು, ಮೇಲಿನ ನಿಯಮಕ್ಕೆ ಇದು ಅಪವಾದವೇ, ಆದರೆ ಕಾಗದಪತ್ರ ಸಮೇತ ಬಂದ ಅಪವಾದ. ಅಮೆರಿಕದ ಮೂಲನಿವಾಸಿ ಚಾಕ್ಟಾ ಭಾಷೆಯಿಂದ ಬಂತು, ಗ್ರೀಕಿನಿಂದ ಬಂತು, ರೈಲ್ವೆಯ ಗುಮಾಸ್ತನೊಬ್ಬನ ಹೆಸರಿನ ಮೊದಲಕ್ಷರಗಳು, ರಮ್ ಬರುತ್ತಿದ್ದ ಬಂದರಿನ ಹೆಸರು ಎಂದೆಲ್ಲ ಕತೆಗಳಿದ್ದವು. ಆಲನ್ ವಾಕರ್ ರೀಡ್ ಎಂಬ ವಿದ್ವಾಂಸ ಹಳೆಯ ಪತ್ರಿಕೆಗಳನ್ನು ಜಾಲಾಡಿ 1963 ಮತ್ತು 1964ರಲ್ಲಿ ತನ್ನ ಶೋಧವನ್ನು ಪ್ರಕಟಿಸಿದ. ‘ಬೋಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ 1839ರ ಮಾರ್ಚ್ 23ರ ಸಂಚಿಕೆಯಲ್ಲಿ ಆ ಎರಡಕ್ಷರವೂ ಇತ್ತು, ‘ಎಲ್ಲ ಸರಿ’ ಎಂಬ ಅದರ ಅರ್ಥವೂ ಇತ್ತು. ‘ಆಲ್ ಕರೆಕ್ಟ್’ ಎನ್ನುವುದನ್ನು ಬೇಕೆಂದೇ ತಪ್ಪಾಗಿ ‘ಓಲ್ ಕೊರೆಕ್ಟ್’ ಎಂದು ಬರೆದು, ಆ ತಪ್ಪಿನ ಮೊದಲಕ್ಷರ ತೆಗೆದ ಹುಡುಗಾಟವದು. ಆ ಕಾಲದ ಬೋಸ್ಟನ್ನಿನ ಪಡ್ಡೆ ಪತ್ರಕರ್ತರಿಗೆ ಇಂಥ ತಮಾಷೆಯ ಗೀಳು ಹಿಡಿದಿತ್ತು. ‘ನೋ ಯೂಸ್’ ಎನ್ನುವುದನ್ನೂ ತಪ್ಪು ಕಾಗುಣಿತದಲ್ಲಿ ಬರೆದು ‘ಕೆ ವೈ’ ಮಾಡಿದ್ದರು. ಅವೆಲ್ಲ ಸತ್ತವು. ಓಕೆ ಬದುಕಿದ್ದಕ್ಕೆ ಮರುವರ್ಷದ ಚುನಾವಣೆ ಕಾರಣ. ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್‌ನ ಊರು ಕಿಂಡರ್‌ಹುಕ್. ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿನ ಅಕ್ಷರಗಳೂ ಅವೇ ಆದ್ದರಿಂದ ಅವನ ಬೆಂಬಲಿಗರು ಊರೂರಲ್ಲಿ ಓಕೆ ಸಂಘ ಕಟ್ಟಿದರು. ಇಂಗ್ಲಿಷ್ ಸ್ಪೆಲ್ಲಿಂಗ್ ಬಾರದೆಂದು ಅಂಜುವ ಲೋಕದ ಕೋಟ್ಯಂತರ ಮಂದಿ ಧೈರ್ಯವಾಗಿ ಆಡುವ ಇಂಗ್ಲಿಷ್ ಮಾತು ಹುಟ್ಟಿದ್ದೇ ತಪ್ಪು ಸ್ಪೆಲ್ಲಿಂಗಿನಿಂದ.

ಅಕ್ಷರ ಹೆಕ್ಕುವವರಿಗಿಂತ ದೊಡ್ಡ ಪಂಗಡ ಕಿವಿಯನ್ನೇ ನಂಬುವವರದು. ಒಂದು ಮತ್ತು ‘ವನ್’, ಮಲಯಾಳದ ‘ಒನ್ನು’ ಮತ್ತು ‘ವನ್’, ಕೇಳಿ, ಒಂದೇ ಅಲ್ಲವೇ ಎನ್ನುತ್ತಾರೆ. ಇಂಗ್ಲಿಷಿನ ಈ ಪದ ಸಾವಿರ ವರ್ಷದ ಹಿಂದೆ ‘ಆನ್’ ಆಗಿತ್ತು. ಮುಂದೆ ‘ವ’ಕಾರ ಅಂಟಿಕೊಂಡದ್ದು ಸುಮಾರು 15ನೇ ಶತಮಾನದಲ್ಲಿ. ‘ಅಲೋನ್’, ‘ಓನ್ಲಿ’ ಎಂಬ ಪದಗಳ ಒಳಗಿರುವುದೂ ಅದೇ ಒಂದು, ಅಲ್ಲಿ ‘ವ’ಕಾರ ಬಂದಿಲ್ಲ. ಹಿಂದೆ ಹೋದಷ್ಟೂ ಹೋಲಿಕೆ ಕರಗಿದರೆ ಅದು ನೆಂಟಸ್ತಿಕೆಯಲ್ಲ, ಕಾಕತಾಳೀಯ. ನಿಜವಾದ ನೆಂಟಸ್ತಿಕೆಯ ಲಕ್ಷಣ ಇದಕ್ಕೆ ತದ್ವಿರುದ್ಧ: ಮೇಲ್ನೋಟಕ್ಕೆ ಕಾಣದೆ, ಹಿಂದೆ ಹೋದಂತೆ ಸ್ಪಷ್ಟವಾಗುತ್ತದೆ. ಆಸ್ಟ್ರೇಲಿಯದ ಹೊಟ್ಟೆಚೀಲದ ಪ್ರಾಣಿ ‘ಬ್ಯಾಂಡಿಕೂಟ್’ ಹೆಸರಿನಲ್ಲಿ ಕನ್ನಡದ ಕಿವಿಗೆ ಏನೂ ಕೇಳಿಸದು. ಅದು ತೆಲುಗಿನ ‘ಪಂದಿಕೊಕ್ಕು’, ಹಂದಿಯಿಲಿ, ಅಂದರೆ ನಮ್ಮ ಹೆಗ್ಗಣ. ಇಂಗ್ಲಿಷರು ಮೊದಲು ಇಲ್ಲಿಯ ಹೆಗ್ಗಣಕ್ಕೆ ಆ ಹೆಸರು ಹಿಡಿದರು, ಆಮೇಲೆ ಆಸ್ಟ್ರೇಲಿಯದಲ್ಲಿ ಅದನ್ನು ಹೋಲುವ ಬೇರೆಯೇ ಪ್ರಾಣಿಗೆ ಅಂಟಿಸಿದರು. ಪಾಲು ಹಾಲಾದ, ಪುಲಿ ಹುಲಿಯಾದ ನಿಯಮದಂತೆ ಹಳಗನ್ನಡದ ‘ಪಂದಿ’ಯೇ ಇಂದಿನ ಹಂದಿ. 1996ರಿಂದ ಮಕ್ಕಳು ಆಡುತ್ತಿರುವ ‘ಕ್ರ್ಯಾಶ್ ಬ್ಯಾಂಡಿಕೂಟ್’ ಎಂಬ ವಿಡಿಯೋ ಗೇಮಿನ ನಾಯಕನ ಹೆಸರಿನಲ್ಲಿ ಹಂದಿಯಿದೆ ಎಂಬುದು ಕಿವಿಯಿಂದ ತಿಳಿಯುವ ಸಂಗತಿಯಲ್ಲ.

ನಿಯಮ ಗೊತ್ತಿದ್ದರೂ ಸಾಲದು, ಅದನ್ನು ತಪ್ಪು ಜಾಗದಲ್ಲಿ ಹೂಡಿದರೆ ಪೆಟ್ಟು ಬೀಳುತ್ತದೆ. ಸಂಧಿ ಬಿಡಿಸುವಾಗ ಎಡವುವುದು ನಮಗಷ್ಟೇ ಅಲ್ಲ, ಇಂಗ್ಲಿಷರಿಗೂ ಉಂಟು. ‘ಅ ನೇಪ್ರನ್’ ಎನ್ನುತ್ತ ಎನ್ನುತ್ತ ಪದವನ್ನು ಎಲ್ಲಿ ಕತ್ತರಿಸಬೇಕೆಂಬುದು ಮರೆತು ‘ಆ್ಯನ್ ಏಪ್ರನ್’ ಆಯಿತು. ಕ್ರಿಕೆಟ್ಟಿನ ಅಂಪೈರ್ ಕೂಡ ಹೀಗೆಯೇ ನಕಾರ ಕಳೆದುಕೊಂಡವನು. ಮೂಲದಲ್ಲಿ ಅವನು ‘ನೂಂಪೈರ್’, ಯಾರಿಗೂ ಜೋಡಿಯಲ್ಲದ ಮೂರನೆಯವನು. ಇದೇ ಸಾಲಿಗೆ ‘ಆರೆಂಜ್’ ಅನ್ನೂ ಸೇರಿಸಿ, ನಾರಂಗದ ನಕಾರ ಇಂಗ್ಲಿಷರ ಬಾಯಲ್ಲಿ ಉದುರಿತು ಎನ್ನುವವರು ಬಹಳ. ನಾರಂಗ ಇಲ್ಲಿಂದ ಪರ್ಷಿಯ, ಅರಬ್ ನಾಡುಗಳನ್ನು ದಾಟಿ ಯುರೋಪಿಗೆ ಹೋದದ್ದು ನಿಜ, ಸ್ಪೇನಿನವರು ಇಂದಿಗೂ ‘ನರಾಂಖ’ ಎನ್ನುವುದೂ ನಿಜ. ಆದರೆ ಇಟಲಿಯಲ್ಲಿ, ಫ್ರಾನ್ಸಿನಲ್ಲಿ ನಕಾರ ಆಗಲೇ ಹೋಗಿತ್ತು. ಇಂಗ್ಲೆಂಡಿಗೆ ಹಣ್ಣು ತಲುಪಿದ್ದೇ ನಕಾರವಿಲ್ಲದೆ.

ಶುಂಠಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ‘ಜಿಂಜರ್’ ಪದವನ್ನು ಹಿಂದಕ್ಕೆ ಓಡಿಸಿದರೆ ಹಳೆಯ ಫ್ರೆಂಚ್, ಅದರ ಹಿಂದೆ ಲ್ಯಾಟಿನ್, ಅದರ ಹಿಂದೆ ಗ್ರೀಕಿನ ‘ಜಿಂಗಿಬೆರಿಸ್’, ಅದರಾಚೆ ಪಾಳಿಯ ‘ಸಿಂಗಿವೇರ’ ಸಿಗುತ್ತದೆ. ಸಂಸ್ಕೃತದಲ್ಲಿ ಅದು ‘ಶೃಂಗವೇರ’. ಶೃಂಗವೆಂದರೆ ಕೊಂಬು, ಶುಂಠಿಯ ಗೆಡ್ಡೆ ಕವಲೊಡೆದ ಕೊಂಬಿನಂತೆಯೇ ಇರುತ್ತದೆ, ಆದ್ದರಿಂದ ಕೊಂಬಿನ ಮೈಯುಳ್ಳದ್ದು ಎಂದು ಪಂಡಿತರು ವ್ಯುತ್ಪತ್ತಿ ಹೇಳಿದರು. ನೋಡಿದರೆ ಹೌದೆನ್ನಿಸುತ್ತದೆ, ಹೌದೆನ್ನಿಸುವಂತೆ ಕೂಡಿಸಿದ್ದೇ ಅದು. ತಮಿಳು, ಮಲಯಾಳಗಳಲ್ಲಿ ಶುಂಠಿಗೆ ‘ಇಂಜಿ’ ಎನ್ನುತ್ತಾರೆ, ಬೇರಿಗೆ ‘ವೇರ್’. ಇಂಜಿವೇರ್ ಉತ್ತರಕ್ಕೆ ಹೋದಾಗ, ಅರ್ಥವಾಗದ ಆ ಶಬ್ದಕ್ಕೆ ಅಲ್ಲಿಯವರು ತಮಗೆ ಅರ್ಥವಾಗುವ ಕೊಂಬಿನ ವೇಷ ತೊಡಿಸಿದರು. ಭಾಷಾವಿಜ್ಞಾನಿಗಳು ಈಗ ಹೆಚ್ಚಾಗಿ ಒಪ್ಪುವುದು ಇದನ್ನೇ. ಆಲನ್ ರಾಸ್ ಎಂಬ ಇಂಗ್ಲಿಷ್ ಪ್ರೊಫೆಸರ್ ಈ ಒಂದೇ ಪದದ ಮೇಲೆ 1952ರಲ್ಲಿ ಒಂದು ಪುಸ್ತಕ ಬರೆದ. ಇಂಗ್ಲೆಂಡಿನ ಮೇಲ್ವರ್ಗದವರು ಯಾವ ಪದ ಆಡುತ್ತಾರೆ, ಯಾವುದನ್ನು ಆಡುವುದಿಲ್ಲ ಎಂದು ಪಟ್ಟಿಮಾಡಿ ಊರೆಲ್ಲ ಚರ್ಚೆ ಎಬ್ಬಿಸಿದವನೂ ಇವನೇ. ಇಲ್ಲಿ ಕನ್ನಡಿಗರಿಗೊಂದು ಆಮಿಷ ಕಾದಿದೆ: ಜಿಂಗಿಬೆರಿಸ್‌ನಲ್ಲಿ ‘ಬೆರ್’ ಇದೆ, ತಮಿಳಿನ ವೇರ್ ಕನ್ನಡದಲ್ಲಿ ಬೇರು, ಹಾಗಾದರೆ ಗ್ರೀಕರು ಶುಂಠಿ ಕೊಂಡದ್ದು ಕನ್ನಡಿಗರಿಂದ! ಪಾಳಿಯಲ್ಲಿ ‘ವ’ ಇರುವುದರಿಂದ ಆ ಆಸೆ ನಿಲ್ಲುವುದಿಲ್ಲ. ‘ಬ’ಕಾರ ಗ್ರೀಕರ ಬರವಣಿಗೆಯದು. ನಿಂತದ್ದು ಇನ್ನೂ ವಿಚಿತ್ರವಾದದ್ದು. ಶುಂಠಿ ಎನ್ನುವಾಗ ನಮ್ಮ ಬಾಯಲ್ಲಿರುವುದು ಸಂಸ್ಕೃತದಿಂದ ಬಂದ ಮಾತು. ಜಿಂಜರ್ ಎನ್ನುವಾಗ ಲಂಡನ್ನಿನವನ ಬಾಯಲ್ಲಿರುವುದು ದ್ರಾವಿಡದ್ದು. 

ಸಕ್ಕರೆಯದೂ ಇಂಥದೇ ಸುತ್ತು. ಸಂಸ್ಕೃತದ ‘ಶರ್ಕರಾ’ ಎಂದರೆ ಮೊದಲಿಗೆ ಮರಳುಗಲ್ಲು, ಆಮೇಲೆ ಅದರಂತೆ ಕಾಣುವ ಸಿಹಿ. ಅದು ಅರಬ್ಬರ ಮೂಲಕ ಯುರೋಪಿಗೆ ಹೋಗಿ ‘ಶುಗರ್’ ಆಯಿತು. ಅದೇ ಪದ ನಮ್ಮ ಪಶ್ಚಿಮ ಕರಾವಳಿಯ ಬಾಯಲ್ಲಿ ಪಳಗಿ, ಪೋರ್ಚುಗೀಸರ ಹಡಗು ಹತ್ತಿ ‘ಜ್ಯಾಗರಿ’ ಆಯಿತು. ನಾವು ಒಂದಕ್ಕೆ ಸಕ್ಕರೆ, ಇನ್ನೊಂದಕ್ಕೆ ಬೆಲ್ಲ ಎಂದು ಅನುವಾದಿಸುತ್ತೇವೆ, ಇಂಗ್ಲಿಷಿನಲ್ಲಿ ಎರಡೂ ಸಕ್ಕರೆಯೇ. ಅಡಿಕೆಯ ‘ಅರೆಕಾ’ ಎಂಬ ಹೆಸರನ್ನೂ ಪೋರ್ಚುಗೀಸರೇ ದಾಟಿಸಿದ್ದು, ಮಲಯಾಳದ ಅಡಯ್ಕದಿಂದ. ಅದು ನಮ್ಮ ಅಡಿಕೆಯ ಒಡಹುಟ್ಟು, ನಮ್ಮ ಅಡಿಕೆಯೇ ಅಲ್ಲ. ಅಷ್ಟು ವ್ಯತ್ಯಾಸ ಕಾಯ್ದುಕೊಳ್ಳಬೇಕು.

ಇದೆಲ್ಲ ಸರಿ, ಕತೆ ಸುಳ್ಳಾದರೆ ಯಾರ ಗಂಟು ಹೋಯಿತು, ನಕ್ಕು ಮರೆಯುವ ವಿಷಯಕ್ಕೆ ಇಷ್ಟು ತಕರಾರೇಕೆ ಎನ್ನುವವರಿಗೆ ‘ರೂಲ್ ಆಫ್ ಥಂಬ್’ ತೋರಿಸಬಹುದು. ಗಂಡ ಹೆಂಡತಿಯನ್ನು ತನ್ನ ಹೆಬ್ಬೆರಳಿಗಿಂತ ದಪ್ಪವಲ್ಲದ ಕೋಲಿನಿಂದ ಹೊಡೆಯಬಹುದೆಂಬ ಇಂಗ್ಲಿಷ್ ಕಾನೂನಿನಿಂದ ಈ ನುಡಿಗಟ್ಟು ಬಂತೆಂದು ತುಂಬ ಮಂದಿ ನಂಬಿದ್ದಾರೆ. 1782ರಲ್ಲಿ ಫ್ರಾನ್ಸಿಸ್ ಬುಲ್ಲರ್ ಎಂಬ ನ್ಯಾಯಾಧೀಶ ಅಂಥ ಮಾತಾಡಿದನೆಂಬ ಸುದ್ದಿ ಹಬ್ಬಿತ್ತು. ಗಿಲ್‌ರೇ ಎಂಬ ವ್ಯಂಗ್ಯಚಿತ್ರಕಾರ ಅವನನ್ನು ಕೋಲಿನ ಕಟ್ಟು ಹೊತ್ತ ‘ಜಡ್ಜ್ ಥಂಬ್’ ಎಂದು ಚಿತ್ರಿಸಿ ಮಾನ ಕಳೆದ. ಆದರೆ ನುಡಿಗಟ್ಟು 17ನೇ ಶತಮಾನದ ಬರಹಗಳಲ್ಲೇ ಇದೆ. ಅಲ್ಲಿ ಅದರ ಅರ್ಥ ಅಳತೆಗೋಲಿಲ್ಲದೆ ಕೈಯಂದಾಜಿನಲ್ಲಿ ಕೆಲಸ ಮಾಡುವುದು. ಫ್ರೆಂಚರಿಗೂ ಡಚ್ಚರಿಗೂ ಹೆಬ್ಬೆರಳಿಗೂ ಇಂಚಿಗೂ ಒಂದೇ ಪದ. ಗೇಣು, ಮೊಳ, ಅಂಗುಲ ಎಂದು ಮೈಯನ್ನೇ ಅಳತೆಗೋಲು ಮಾಡಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಳ್ಳು ಕತೆಯಿಂದ ನಷ್ಟವಾದದ್ದು ಎರಡು ಕಡೆ. ಒಂದು, ಬಡಗಿಯ ಕೈಯಳತೆಯ ಚರಿತ್ರೆ ಮರೆಯಾಯಿತು. ಎರಡು, ಹೆಂಡತಿಯನ್ನು ಹೊಡೆಯುವುದನ್ನು ನ್ಯಾಯಾಲಯಗಳು ಸಹಿಸಿಕೊಂಡ ನಿಜವಾದ ಚರಿತ್ರೆಗೆ ಪೊಳ್ಳು ಸಾಕ್ಷಿ ಅಂಟಿತು. ಸಾಕ್ಷಿ ಬಿದ್ದುಹೋದ ದಿನ ಮೊಕದ್ದಮೆಯೇ ಪೊಳ್ಳು ಎನ್ನುವವರಿಗೆ ಅನುಕೂಲವಾಗುತ್ತದೆ. ಅರ್ಧ ನಿಜದ ಕತೆಗಳೂ ಇವೆ. ‘ಸ್ಯಾಲರಿ’ಯ ಲ್ಯಾಟಿನ್ ಮೂಲದಲ್ಲಿ ಉಪ್ಪು ಇರುವುದು ಖಚಿತ, ರೋಮನ್ ಸೈನಿಕರಿಗೆ ಸಂಬಳವನ್ನೇ ಉಪ್ಪಿನಲ್ಲಿ ಅಳೆದು ಕೊಡುತ್ತಿದ್ದರು ಎಂದು ನೇರವಾಗಿ ಹೇಳುವ ಪ್ರಾಚೀನ ಬರಹ ಇಲ್ಲ. ಉಪ್ಪಿನ ಋಣದ ಮಾತಾಡುವ ನಮಗೆ ಆ ಕತೆ ಹಿಡಿಸುತ್ತದೆ, ಹಿಡಿಸುತ್ತದೆ ಎಂಬ ಕಾರಣಕ್ಕೇ ಕೈ ಬಿಗಿಹಿಡಿಯಬೇಕು.

ಪಾಶ್‌ಗೆ ಹಡಗಿನ ಟಿಕೆಟ್ ಸಿಗಲಿಲ್ಲ, ಆದರೆ ಬೇರೆ ದಾರಿ ಇದೆ. 19ನೇ ಶತಮಾನದ ಲಂಡನ್ನಿನ ಬೀದಿಭಾಷೆಯಲ್ಲಿ ‘ಪಾಶ್’ ಎಂದರೆ ಚಿಲ್ಲರೆ ಹಣ, ಅರ್ಧ ಪೆನ್ನಿಯ ನಾಣ್ಯ. ಆ ಶತಮಾನದ ಕೊನೆಯ ಹೊತ್ತಿಗೆ ಶೋಕಿಲಾಲನೆಂಬ ಅರ್ಥವೂ ಗ್ರಾಮ್ಯ ನಿಘಂಟಿಗೆ ಬಂದಿತ್ತು. ಹಣದಿಂದ ಹಣವಂತನಿಗೆ, ಅಲ್ಲಿಂದ ಠೀವಿಗೆ ಅರ್ಥ ಜರುಗಿರಬೇಕೆಂಬುದು ಈಗಿರುವ ಊಹೆಗಳಲ್ಲಿ ಹೆಚ್ಚು ನಿಲ್ಲುವಂಥದು. ಲಂಡನ್ನಿನ ಬೀದಿಗೆ ಆ ನಾಣ್ಯದ ಹೆಸರು ಬಂದದ್ದು ಅಲೆಮಾರಿ ರೋಮಾ ಜನರ ರೊಮಾನಿ ಭಾಷೆಯಿಂದ, ಅಲ್ಲಿ ‘ಪಾಶ್’ ಎಂದರೆ ಅರ್ಧ. ರೋಮಾ ಜನರ ಹಿರಿಯರು ಉತ್ತರ ಇಂಡಿಯಾ ಬಿಟ್ಟು ಪಶ್ಚಿಮಕ್ಕೆ ಹೊರಟು ಸಾವಿರ ವರ್ಷವಾದರೂ ಆಗಿರಬೇಕು. ಅವರು ಈಗಲೂ ಎಣಿಸುವುದು ಯೇಖ್, ದುಯ್, ತ್ರಿನ್ ಎಂದೇ. ಸಿರಿವಂತರ ಕ್ಯಾಬಿನ್ನಿನಿಂದ ಬಂತೆಂದು ಹೇಳುವ ಆ ಪದಕ್ಕೆ ಕನ್ನಡದಲ್ಲಿ ನೇರ ಅನುವಾದವಿದೆ: ಅರೆಕಾಸು.